ಕರಿಬೇವಿನ ಮರದಲ್ಲಿರುವುದು ಎರಡು ಜಾತಿಯ ಹುಳುಗಳಲ್ಲ

ಹಕ್ಕಿಯ ಹಿಕ್ಕೆಯಂತಹ ಕಂದು ಹುಳುವಿಗೂ ಕೊಬ್ಬಿದ ಹಸಿರು ಹುಳುವಿಗೂ ಬೇರೆ ಬೇರೆ ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ಅವೆರಡೂ ಒಂದೇ ಚಿಟ್ಟೆಯ ಮರಿಹುಳುವಿನ ಎರಡು ಹಂತಗಳು. ಮೈಸೂರಿನ ನಮ್ಮ ಹಿತ್ತಲಿನ ಕರಿಬೇವಿನ ಮರದ ಕೆಳಗೆ ನಿಂತು ನಾನೂ ಅವು ಬೇರೆ ಬೇರೆ ಜಾತಿಯವೆಂದೇ ಭಾವಿಸಿದ್ದೆ. ಕಂದು ಹುಳುಗಳನ್ನು ಕಂಡ ದಿನವೇ, ಊರಿನ ಗದ್ದೆಯ ಭತ್ತಕ್ಕೆ ಹೊಡೆದು ಉಳಿದಿದ್ದ ಕೀಟನಾಶಕವನ್ನು ತಂದು ಸಿಂಪಡಿಸಿದೆ. ಮೇಲಿನ ಕೊಂಬೆಗಳಿಗೆ ಅದು ತಲುಪಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅಲ್ಲಿ ಹಸಿರು ಹುಳುಗಳು ಕಾಣಿಸಿದಾಗ, ಹೊಸ ಪೀಡೆಯೊಂದು ಬಂತೆಂದು ಗಾಬರಿಯಾಗಿ ಏಣಿ ಹತ್ತಿ ಇನ್ನಷ್ಟು ಗಟ್ಟಿಯಾಗಿ ಬೆರೆಸಿ ಹೊಡೆದೆ.

ಹುಳುವಿನ ಹೆಸರು ತಿಳಿಯದಿದ್ದುದು ನನ್ನ ತಪ್ಪಲ್ಲ. ಒಂದೇ ಒಂದು ಹುಳುವನ್ನು ನಾಲ್ಕು ದಿನ ನೋಡುವ ತಾಳ್ಮೆ ತೋರದಿದ್ದುದು ತಪ್ಪು. ನೋಡಿದ್ದರೆ, ಕಂದು ಹುಳುವೇ ಪೊರೆ ಕಳಚಿ ಹಸಿರಾಗುವುದು ಕಣ್ಣೆದುರೇ ಕಾಣುತ್ತಿತ್ತು. ನಾನು ಹೊಡೆದದ್ದು ಗಿಡದ ರಸದೊಳಕ್ಕೇ ಇಳಿಯುವ ಅಂತರ್ವ್ಯಾಪಿ ಕೀಟನಾಶಕ, ಎಲೆಯನ್ನು ಎಷ್ಟು ತೊಳೆದರೂ ಹೋಗದು. ದಿನವೂ ಒಗ್ಗರಣೆಗೆ ಎಲೆ ಮುರಿಯುತ್ತಿದ್ದ ಅಮ್ಮನನ್ನು ತಡೆದೆ. ಕಾಂಪೌಂಡಿನಾಚೆಯಿಂದ ಕೈಚಾಚಿ ಒಂದೆಸಳು ಕೀಳುತ್ತಿದ್ದ ಅಕ್ಕಪಕ್ಕದವರ ಮನೆಮನೆಗೂ ಹೋಗಿ ಮುಟ್ಟಬೇಡಿರೆಂದು ಹೇಳಿಬಂದೆ. ಹಿತ್ತಲಲ್ಲಿ ಮರವಿದ್ದೂ ಎರಡು ತಿಂಗಳು ದೇವರಾಜ ಮಾರುಕಟ್ಟೆಯಿಂದ ಕರಿಬೇವು ತಂದೆವು.

ಆದ್ದರಿಂದ ಯಾವ ಔಷಧಿ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕರಿಬೇವು, ನಿಂಬೆ, ಬಿಲ್ವದ ಚಿಗುರಿನ ಮೇಲೆ ಒಂದೊಂದಾಗಿ ಇಟ್ಟ ಮೊಟ್ಟೆಯಿಂದ ಹೊರಬರುವ ಈ ಮರಿ ನಾಲ್ಕು ಬಾರಿ ಪೊರೆ ಕಳಚಿ ಐದನೆಯ ಹಂತದಲ್ಲಿ ಹಸಿರಾಗುತ್ತದೆ; ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂತಹ ಅಂಗವನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಅದು ಕಚ್ಚುವುದಿಲ್ಲ, ಮೈಯಲ್ಲಿ ತುರಿಕೆಯ ರೋಮವೂ ಇಲ್ಲ. (ನುಗ್ಗೆಯ ಕಾಂಡದಲ್ಲಿ ಗುಂಪುಗಟ್ಟುವ ಕಂಬಳಿಹುಳುವಿನ ಮಾತು ಬೇರೆ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ.) ಬೆಳೆದ ಮರ ಮತ್ತೆ ಚಿಗುರುತ್ತದೆ, ಬಿಟ್ಟುಬಿಡಿ. ಮೊಣಕಾಲೆತ್ತರದ ಸಸಿಯಾದರೆ ಮಾತ್ರ ಹುಳುಗಳನ್ನು ಕೈಯಿಂದಲೇ ಆರಿಸಿ ತೆಗೆಯಿರಿ.

ಜಾತಿ ಖಚಿತವಾಗಬೇಕೆಂದಿದ್ದರೆ ಒಂದು ಹಸಿರು ಹುಳುವನ್ನು ಬಾಟಲಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಹುಳು ಕೋಶ ಕಟ್ಟಲೆಂದು ಒಳಗೊಂದು ಕಡ್ಡಿ ನಿಲ್ಲಿಸಿ ದಿನವೂ ಹೊಸ ಎಲೆ ಹಾಕಿರಿ. ಕೋಶದಿಂದ ಹೊರಬಂದ ಚಿಟ್ಟೆಯ ಹಿಂದಿನ ರೆಕ್ಕೆಗೆ ಬಾಲವಿಲ್ಲದೆ, ಕಪ್ಪಿನ ಮೇಲೆ ಹಳದಿ ಮಚ್ಚೆಗಳಿದ್ದರೆ ಅದು ನಿಂಬೆ ಚಿಟ್ಟೆ. ಬಾಲವಿದ್ದರೆ ಬಹುತೇಕ ಅದರ ಬಳಗದ ಕಾಮನ್ ಮಾರ್ಮನ್ ಎಂಬ ಚಿಟ್ಟೆ.