ಫ್ಯಾಫ್ಸಾ (FAFSA) ಫಾರ್ಮ್ ತುಂಬೋಕೆ ಮಗಳ ಎಫ್‌ಎಸ್‌ಎ ಐಡಿ ಒಂದೇ ಸಾಕಾ, ಅಪ್ಪ ಅಮ್ಮನೂ ಮಾಡ್ಕೋಬೇಕಾ?

ಒಂದೇ ಸಾಕಾಗಲ್ಲ, ಫಾರ್ಮಲ್ಲಿ ಭಾಗಿಯಾಗೋ ಹೆತ್ತವರಿಗೂ ಅವರದ್ದೇ ಬೇರೆ ಬೇಕು. ಅಮೆರಿಕದ ಕಾಲೇಜಿಗೆ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಹಣದ ಸಹಾಯ ಕೇಳೋ ಈ ಫಾರ್ಮಲ್ಲಿ ಎಫ್‌ಎಸ್‌ಎ ಐಡಿ ಅಂದ್ರೆ ಬರೀ ಲಾಗಿನ್ ಅಲ್ಲ ಕಣ್ರೀ, ಅದೇ ನಿಮ್ಮ ಸಹಿ, ಕಾನೂನು ಪ್ರಕಾರ ಪೆನ್ನಲ್ಲಿ ಹಾಕಿದಷ್ಟೇ ಲೆಕ್ಕ. ಮೊದಲೆಲ್ಲ 4 ಅಂಕಿಯ ಪಿನ್ ಇತ್ತು, 2015ರ ಮೇನಲ್ಲಿ ಅದನ್ನ ತೆಗೆದು ಈ ಯೂಸರ್‌ನೇಮ್ ಪಾಸ್‌ವರ್ಡ್ ತಂದ್ರು, ಈಗ ಅದರ ಮೇಲೆ ಫೋನಿಗೋ ಇಮೇಲಿಗೋ ಕೋಡ್ ಬೇರೆ ಬರುತ್ತೆ.

ನಮ್ಮೋರು ಮಾಡೋ ತಪ್ಪು ಏನಂದ್ರೆ ಅಪ್ಪನೇ ಕೂತು ತನ್ನ ಇಮೇಲ್, ತನ್ನ ನಂಬರ್ ಹಾಕಿ ಮಗಳ ಅಕೌಂಟೂ ಮಾಡಿಬಿಡೋದು, ಆಮೇಲೆ ತನ್ನದು ಮಾಡೋಕೆ ಹೋದ್ರೆ ಇದು ಆಗ್ಲೇ ಬಳಕೆಲಿದೆ ಅನ್ನುತ್ತೆ. ಅವಳದ್ದು ಅವಳೇ ಮಾಡ್ಲಿ, ಶಾಲೆ ಕೊಟ್ಟ ಇಮೇಲ್ ಬೇಡ, ಹೈಸ್ಕೂಲ್ ಮುಗಿದ್ಮೇಲೆ ಅದು ಬಂದ್ ಆಗಬಹುದು. ಲೋನ್ ಪತ್ರಕ್ಕೂ ಇದೇ ಐಡಿಲೇ ಸಹಿ, ಅದಕ್ಕೇ ಹೆತ್ತವರಿಗೂ ಕೊಡಬಾರದು ಅನ್ನೋದು.

ಇನ್ನೊಂದು, ಹೆಸರು ಸೋಶಿಯಲ್ ಸೆಕ್ಯುರಿಟಿ ಕಾರ್ಡಲ್ಲಿ (ಅಮೆರಿಕ ಸರ್ಕಾರ ಕೊಡೋ ಗುರುತಿನ ನಂಬರ್ ಇರೋ ಕಾರ್ಡ್) ಇದ್ದಂಗೇ ಹಾಕಿ. ನಮ್ಮಲ್ಲಿ ಊರ ಹೆಸರು, ಅಪ್ಪನ ಹೆಸರು ಹಿಂದೆ ಮುಂದೆ ಆಗಿರುತ್ತಲ್ಲ, ಅಲ್ಲೇ ಮ್ಯಾಚ್ ಆಗದೆ ಒದ್ದಾಡೋದು. ಮೊದಲು ಪರಿಶೀಲನೆಗೆ 1ರಿಂದ 3 ದಿನ ಹಿಡೀತಿತ್ತು, ಈಗಲೂ ಕೊನೇ ದಿನಕ್ಕೆ ಇಟ್ಕೋಬೇಡಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಹೆತ್ತವರೂ ಈಗ ಐಡಿ ಮಾಡಬಹುದು, ಆದ್ರೆ ಮಗಳು ಮಾತ್ರ ಸಾಮಾನ್ಯವಾಗಿ ಸಿಟಿಜನ್ನೋ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರೋಳೋ ಆಗಿರಬೇಕು, ಎಚ್4ಲ್ಲಿದ್ರೆ (ಎಚ್1ಬಿಯಂಥ ಕೆಲಸದ ವೀಸಾದವರ ಹೆಂಡತಿ/ಗಂಡ, ಮಕ್ಕಳಿಗೆ ಕೊಡೋ ವೀಸಾ) ಫೆಡರಲ್ ದುಡ್ಡು ಸಿಗಲ್ಲ. ಅಂದಹಾಗೆ ಐಡಿ ಮಾಡೋದೂ ಫಾರ್ಮ್ ತುಂಬೋದೂ ಪೂರ್ತಿ ಫ್ರೀ, ಯಾರಾದ್ರೂ ದುಡ್ಡು ಕೇಳಿದ್ರೆ ಆ ಸೈಟ್ ಮುಚ್ಚಿ.