ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ: ಬಿಯರ್‌ನಲ್ಲಿ ಬೆಂದ ಸಿಗಡಿ

ಪ್ರಶ್ನೆ: ಅಮೆರಿಕದ ಬಾಲ್ಟಿಮೋರ್ ಕಡೆ ಸಿಗಡಿಯನ್ನು ಬಿಯರ್‌ನಲ್ಲಿ ಬೇಯಿಸುತ್ತಾರಂತೆ. ಭಾನುವಾರ ನಾಲ್ಕು ಜನರಿಗೆ ಮಾಡಬೇಕೆಂದಿದ್ದೇವೆ. ಅಲ್ಲಿಯ ಮಸಾಲೆ ನಮ್ಮೂರಲ್ಲಿ ಸಿಗುವುದಿಲ್ಲ. ಅಳತೆ ಸಮೇತ ತಿಳಿಸಿ.
(ಶಿವಮೊಗ್ಗದ ಓದುಗರು)

ಉತ್ತರ: ಬಾಲ್ಟಿಮೋರ್ ಚೆಸಪೀಕ್ ಕೊಲ್ಲಿಯ ಊರು. ಏಡಿ, ಸಿಗಡಿ ಎರಡನ್ನೂ ಸಿಪ್ಪೆ ಸಮೇತ, ಬಿಯರ್ ಮತ್ತು ವಿನೆಗರ್‌ನ ಹಬೆಯಲ್ಲಿ ಬೇಯಿಸುವುದು ಅಲ್ಲಿಯ ರೂಢಿ. ಹಾಕುವ ಮಸಾಲೆಯ ಹೆಸರು ಓಲ್ಡ್ ಬೇ. ನಾಜಿ ಜರ್ಮನಿಯಿಂದ ಪಾರಾಗಿ ಬಂದ ಗುಸ್ಟಾವ್ ಬ್ರುನ್ ಎಂಬ ಮಸಾಲೆ ವ್ಯಾಪಾರಿ 1939ರಲ್ಲಿ ಅದನ್ನು ಬಾಲ್ಟಿಮೋರ್‌ನಲ್ಲಿ ಸಿದ್ಧಪಡಿಸಿದರು. ಸೆಲರಿ ಉಪ್ಪು (ಸೆಲರಿ ಬೀಜದ ಪುಡಿ ಬೆರೆತ ಉಪ್ಪು), ಪಾಪ್ರಿಕಾ, ಕೆಂಪು ಮೆಣಸು, ಕಾಳುಮೆಣಸು ಅದರ ಮುಖ್ಯ ಸಾಮಗ್ರಿ. ಪಾಪ್ರಿಕಾ ಬದಲು ನಮ್ಮ ಬ್ಯಾಡಗಿ ಧಾರಾಳ ಸಾಕು: ಬಣ್ಣ ಹೆಚ್ಚು, ಖಾರ ಕಡಿಮೆ. ಸೆಲರಿ ಬೀಜ ಸಿಗದಿದ್ದರೆ ಓಂಕಾಳು ಹಾಕಬಹುದು. ಆದರೆ ಅದರ ಘಾಟು ಜೋರು, ಒಂದು ಚಿಟಿಕೆಗಿಂತ ಹೆಚ್ಚಾದರೆ ಇಡೀ ಪಾತ್ರೆ ಅದೇ ವಾಸನೆ.

ಸಿಗಡಿ ಇಡಿಯಾಗಿ 1 ಕೆ.ಜಿ. ಕೊಳ್ಳಿ. ಕೆ.ಜಿ.ಗೆ 40ರಿಂದ 50 ತೂಗುವ ಗಾತ್ರ ಇದಕ್ಕೆ ಹೇಳಿ ಮಾಡಿಸಿದ್ದು. ತಲೆ ಮುರಿದ ಮೇಲೆ 600 ಗ್ರಾಂ ಆಸುಪಾಸು ಉಳಿಯುತ್ತದೆ. ಸಿಪ್ಪೆ ಸುಲಿಯಬೇಡಿ, ಅದು ಮಾಂಸ ಒಣಗದಂತೆ ಕಾಯುತ್ತದೆ, ರುಚಿಯನ್ನೂ ಕೊಡುತ್ತದೆ. ಕತ್ತರಿಯಿಂದ ಬೆನ್ನಿನ ಸಿಪ್ಪೆಯನ್ನಷ್ಟೇ ಸೀಳಿ, ಕಪ್ಪು ನರ ಎಳೆದು ತೆಗೆದು, ತೊಳೆದು ನೀರು ಬಸಿಯಿರಿ. ಫ್ರೀಜರ್‌ನದ್ದಾದರೆ ಪೂರ್ತಿ ಕರಗಿರಬೇಕು. ಹೆಪ್ಪುಗಟ್ಟಿದ್ದನ್ನೇ ಹಾಕಿದರೆ ಕುದಿ ನಿಂತು, ಹೊರಭಾಗ ಬೆಂದು ನಡುಭಾಗ ಹಸಿಯಾಗಿ ಉಳಿಯುತ್ತದೆ.

ದ್ರವಕ್ಕೆ 330 ಮಿ.ಲೀ. ತಿಳಿ ಲಾಗರ್ ಬಿಯರ್, 100 ಮಿ.ಲೀ. ವಿನೆಗರ್. ಮಸಾಲೆಗೆ 2 ಟೀ ಚಮಚ ಬ್ಯಾಡಗಿ ಪುಡಿ, 1 ಚಮಚ ಕಾಳುಮೆಣಸಿನ ಪುಡಿ, ಅರ್ಧ ಚಮಚ ಸಾಸಿವೆ ಪುಡಿ, 2 ಲವಂಗ, 1 ಪಲಾವ್ ಎಲೆ, ಜಜ್ಜಿದ 8 ಎಸಳು ಬೆಳ್ಳುಳ್ಳಿ, ಓಂಕಾಳು ಚಿಟಿಕೆ, 2 ಚಮಚ ಉಪ್ಪು.

ಪಾತ್ರೆ ಎತ್ತರದ್ದಿರಲಿ, ಬಿಯರ್ ಹಾಲಿನಂತೆ ಉಕ್ಕುತ್ತದೆ. ಬಿಯರ್ ಸುರಿದು ನೊರೆ ಇಳಿಯಲು ಬಿಡಿ. ಆಮೇಲೆ ವಿನೆಗರ್, ಮಸಾಲೆ ಎಲ್ಲ ಸೇರಿಸಿ ಮುಚ್ಚಳವಿಲ್ಲದೆ 5 ನಿಮಿಷ ಕುದಿಸಿ. ಮಸಾಲೆ ಬಿಟ್ಟುಕೊಳ್ಳಬೇಕಾದದ್ದು ಈಗಲೇ, ಸಿಗಡಿ ಬಿದ್ದ ಮೇಲೆ ಅದಕ್ಕೆ ಪುರುಸೊತ್ತಿಲ್ಲ. ಕುದಿ ಜೋರಾಗಿರುವಾಗ ಸಿಗಡಿ ಹಾಕಿ, ಮುಚ್ಚಿ 2 ನಿಮಿಷ ಬಿಡಿ. ಒಮ್ಮೆ ಕೆಳಗು ಮೇಲು ಮಾಡಿ, ಮತ್ತೆ 1 ನಿಮಿಷ. ಬೂದುಬಣ್ಣ ಹೋಗಿ ಕೆಂಪಗಾಗಿ, ಮಾಂಸ ಬೆಳ್ಳಗೆ ಕಂಡು, ಅರ್ಧಚಂದ್ರದಂತೆ ಬಾಗಿದರೆ ಬೆಂದಿದೆ. ಕೊಡುಬಳೆಯಂತೆ ಸುತ್ತಿಕೊಂಡರೆ ಹೊತ್ತು ಮೀರಿದೆ. ಒಲೆ ಆರಿಸಿದ ತಕ್ಷಣ ಬಸಿಯಿರಿ, ಬಿಸಿ ದ್ರವದಲ್ಲೇ ಬಿಟ್ಟರೆ ಬೇಯುತ್ತಲೇ ಇರುತ್ತದೆ.

ಅದ್ದಿಕೊಳ್ಳಲು 50 ಗ್ರಾಂ ಬೆಣ್ಣೆ ಕರಗಿಸಿ, ಬಸಿದ ದ್ರವದ 2 ಚಮಚ, ಅರ್ಧ ಹೋಳು ನಿಂಬೆ ಹಿಂಡಿ. ಅಲ್ಲಿಯವರು ಮೇಜಿನ ಮೇಲೆ ಪತ್ರಿಕೆ ಹಾಸಿ ಅದರ ಮೇಲೇ ಸುರಿದು ಸುಲಿದುಕೊಂಡು ತಿನ್ನುತ್ತಾರೆ. ಮುದ್ರಣದ ಶಾಯಿ ಆಹಾರಕ್ಕೆ ತಾಕಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಎಚ್ಚರಿಸಿದೆ, ಬಾಳೆ ಎಲೆ ಹಾಸಿ. ಜೊತೆಗೆ ಪಾವ್ ಆದೀತು, ನೀರುದೋಸೆ ಇನ್ನೂ ಚೆನ್ನ.

ಪ್ರಶ್ನೆ: ಕಳೆದ ವಾರ ಮಾಡಿದ್ದು ಕಹಿಯಾಯಿತು. ತಾನೇ ಬಿಯರ್ ತಯಾರಿಸುವ ಪಬ್‌ನಿಂದ ತಂದ ಒಳ್ಳೆಯ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್ ಬಳಸಿದ್ದೆವು. ಸಾಸ್ ಗಟ್ಟಿಯಾಗಲೆಂದು ಅದನ್ನೇ ಬತ್ತಿಸಿದೆವು.
(ಬೆಂಗಳೂರಿನ ಓದುಗರು)

ಉತ್ತರ: ಎರಡೂ ಕಡೆ ಎಡವಿದ್ದೀರಿ. ಬಿಯರ್‌ನ ಕಹಿ ಬರುವುದು ಹಾಪ್ಸ್ ಹೂವಿನಿಂದ. ಆ ಕಹಿ ಹಬೆಯಾಗಿ ಹಾರಿಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಐಪಿಎಯಲ್ಲಿ ಹಾಪ್ಸ್ ಮೊದಲೇ ಜಾಸ್ತಿ. ಕುಡಿಯಲು ಸೊಗಸಾದ ಬಿಯರ್ ಅಡುಗೆಗೂ ಸೊಗಸು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ತಿಳಿ ಲಾಗರ್ ಅಥವಾ ಗೋಧಿ ಬಿಯರ್ ತನ್ನಿ. ಬೆಲ್ಜಿಯಂ ಶೈಲಿಯ ಗೋಧಿ ಬಿಯರ್‌ಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ, ಸಿಗಡಿಗೆ ಅದಕ್ಕಿಂತ ಒಳ್ಳೆಯ ಜೊತೆ ಸಿಗದು. ಸಾಸ್ ಗಟ್ಟಿಯಾಗಬೇಕಾದರೆ ದ್ರವ ಬತ್ತಿಸಬೇಡಿ, ತಣ್ಣನೆಯ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕಿ ಕದಡಿ. ಈಗಾಗಲೇ ಕಹಿಯಾಗಿದ್ದರೆ ಅರ್ಧ ಚಮಚ ಬೆಲ್ಲ, ಚಿಟಿಕೆ ಉಪ್ಪು ಸ್ವಲ್ಪ ಮುಚ್ಚಿಹಾಕುತ್ತವೆ, ಪೂರ್ತಿ ಅಲ್ಲ.

ಪ್ರಶ್ನೆ: ಅದೇ ಅಳತೆ, ಅದೇ ಹೊತ್ತು. ಆದರೂ ಒಮ್ಮೆ ಸಿಗಡಿ ರಬ್ಬರ್, ಇನ್ನೊಮ್ಮೆ ಹಿಟ್ಟು ಹಿಟ್ಟು. ಏಕೆ?
(ಹಾಸನದ ಓದುಗರು)

ಉತ್ತರ: ರಬ್ಬರ್ ಆದರೆ ಒಲೆಯ ತಪ್ಪು, ಹೆಚ್ಚು ಬೆಂದಿದೆ. ಸಣ್ಣ ಸಿಗಡಿಗೆ 2 ನಿಮಿಷವೇ ಸಾಕು. ಹಿಟ್ಟಾದರೆ ಮಾರುಕಟ್ಟೆಯ ತಪ್ಪು. ಸಿಗಡಿಯ ತಲೆಯಲ್ಲಿ ಜೀರ್ಣಾಂಗವಿದೆ. ಸತ್ತ ಮೇಲೆ ಅದರ ಕಿಣ್ವಗಳು ಪಕ್ಕದ ಮಾಂಸವನ್ನೇ ಕರಗಿಸತೊಡಗುತ್ತವೆ, ಆದ್ದರಿಂದ ಮೆತ್ತಗಾಗುವುದು ಕುತ್ತಿಗೆಯ ಕಡೆಯಿಂದ. ಕೊಳ್ಳುವಾಗ ತಲೆ ಬಿಗಿಯಾಗಿ ಅಂಟಿಕೊಂಡಿದೆಯೇ ನೋಡಿ. ಜೋತಾಡಿದರೆ, ಅಮೋನಿಯಾ ವಾಸನೆ ಬಂದರೆ ಬಿಟ್ಟುಬಿಡಿ. ಮನೆಗೆ ಬಂದ ಕೂಡಲೇ ತಲೆ ತೆಗೆದು ಐಸ್ ಮೇಲಿಡಿ. ಕಡಲಿನಿಂದ ದೂರವಿರುವವರಿಗೆ ಸರಿಯಾಗಿ ಹೆಪ್ಪುಗಟ್ಟಿಸಿದ ಸಾಕಣೆಯ ವನ್ನಾಮಿ ಸಿಗಡಿ ಎಷ್ಟೋ ವಾಸಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ‘ಇವತ್ತಿನ ಸಮುದ್ರದ ಮಾಲು’ ಎಂದವರನ್ನು ಎರಡು ಮಾತು ವಿಚಾರಿಸಿಯೇ ಕೊಳ್ಳಿ.

ಕಚ್ಚಿದರೆ ಕರುಂ ಎನ್ನಬೇಕೆಂದರೆ 600 ಗ್ರಾಂಗೆ 1 ಟೀ ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಸವರಿ 20 ನಿಮಿಷ ಫ್ರಿಜ್‌ನಲ್ಲಿಟ್ಟು, ತೊಳೆದು ಬೇಯಿಸಿ. ಆಗ ದ್ರವಕ್ಕೆ ಹಾಕುವ ಉಪ್ಪನ್ನು 1 ಚಮಚಕ್ಕೆ ಇಳಿಸಿ.

ಪ್ರಶ್ನೆ: ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುತ್ತದಲ್ಲವೇ? ಮಕ್ಕಳಿಗೂ ಬಡಿಸಬೇಕು.
(ಹುಬ್ಬಳ್ಳಿಯ ಓದುಗರು)

ಉತ್ತರ: ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಕುದಿಸಿದರೂ ಶೇ 40ರಷ್ಟು, ಒಂದು ಗಂಟೆ ಕುದಿಸಿದರೂ ಶೇ 25ರಷ್ಟು ಉಳಿಯುತ್ತದೆ. ಈ ಅಡುಗೆ ಒಲೆಯ ಮೇಲಿರುವುದು ಹತ್ತು ನಿಮಿಷವೂ ಇಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ, ಕುಡಿತ ಬಿಟ್ಟವರಿಗೆ, ಮದ್ಯ ಮುಟ್ಟದವರಿಗೆ ಬಡಿಸಬೇಡಿ. ಅವರಿಗಾಗಿ ಬೇರೆ ಪಾತ್ರೆಯಲ್ಲಿ ಇದೇ ಮಸಾಲೆಯನ್ನು ನೀರು, ವಿನೆಗರ್‌ನಲ್ಲಿ ಕುದಿಸಿ ಮಾಡಿ. ಊಟಕ್ಕೆ ಬಂದವರಿಗೆ ಬಿಯರ್ ಹಾಕಿದೆ ಎಂದು ಮೊದಲೇ ಹೇಳುವುದು ನಿಮ್ಮ ಕರ್ತವ್ಯ.

ಪ್ರಶ್ನೆ: ತೆಂಗಿನಕಾಯಿ ಅರೆದ ಸಿಗಡಿ ಗಸಿಗೆ ಬಿಯರ್ ಹಾಕಬಹುದೇ?
(ಉಡುಪಿಯ ಓದುಗರು)

ಉತ್ತರ: ಬೇಡ. ಗಸಿಯ ಹುಳಿಗೆ ಹುಣಸೆ ಇದೆ, ಕಾಯಿಯ ಸಿಹಿಯ ಜೊತೆ ಹಾಪ್ಸ್‌ನ ಕಹಿ ಹೊಂದುವುದಿಲ್ಲ. ಬಾಟಲಿಯಲ್ಲಿ ಉಳಿದ ಬಿಯರ್‌ಗೆ ಕೆಲಸ ಕೊಡಬೇಕೆಂದಿದ್ದರೆ ಸಿಗಡಿ ಕರಿಯಿರಿ: 100 ಗ್ರಾಂ ಮೈದಾ, 50 ಗ್ರಾಂ ಅಕ್ಕಿಹಿಟ್ಟು, ಉಪ್ಪು, ಖಾರದಪುಡಿ. ಕರಿಯುವ ಮುನ್ನವಷ್ಟೇ ಸುಮಾರು 180 ಮಿ.ಲೀ. ತಣ್ಣನೆಯ ಬಿಯರ್ ಸುರಿದು ನಾಲ್ಕು ಸುತ್ತು ಕಲಸಿ, ಗಂಟುಗಳಿದ್ದರೂ ಇರಲಿ. ಹೊತ್ತು ಕಳೆದರೆ ಗುಳ್ಳೆಗಳೆಲ್ಲ ಹೋಗಿ ಹೊದಿಕೆ ದಪ್ಪವಾಗುತ್ತದೆ. ಸುಲಿದ ಸಿಗಡಿಯ ತೇವ ಒರೆಸಿ, ಒಣ ಹಿಟ್ಟಿನಲ್ಲಿ ಹೊರಳಿಸಿ, ಅದ್ದಿ, 180 ಡಿಗ್ರಿ ಎಣ್ಣೆಯಲ್ಲಿ 2ರಿಂದ 3 ನಿಮಿಷ ಬಿಡಿ. ಬಾಣಲೆ ತುಂಬ ಒಮ್ಮೆಲೇ ಹಾಕಿದರೆ ಎಣ್ಣೆ ತಣಿದು ಹೊದಿಕೆ ಎಣ್ಣೆ ಕುಡಿಯುತ್ತದೆ. ಸಲಕ್ಕೆ ಆರೇಳು ಸಾಕು.