ಬಿಸಿಲು ಇಳಿದ ಮೇಲೂ ಮನೆ ಬೇಯುವುದೇಕೆ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ವಿಜ್ಞಾನ ಮೇಷ್ಟರ ಉತ್ತರ

ಪ್ರಶ್ನೆ: ಮೇಷ್ಟ್ರೇ, ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಏಪ್ರಿಲ್ ಬಂತೆಂದರೆ ರಾತ್ರಿ ಹತ್ತು ಗಂಟೆಗೆ ಹೊರಗೆ ತಂಪು, ಒಳಗೆ ಕುಲುಮೆ. ಫ್ಯಾನ್ ಹಾಕಿದರೆ ಬಿಸಿಗಾಳಿ. ಕಾಂಟ್ರಾಕ್ಟರ್ ಮೋಸ ಮಾಡಿದನೇ? (ಓದುಗರೊಬ್ಬರು, ಬಳ್ಳಾರಿ)

ಉತ್ತರ: ಕಾಂಟ್ರಾಕ್ಟರನ್ನು ಸದ್ಯಕ್ಕೆ ಬಿಟ್ಟುಬಿಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ನಾಲ್ಕೂವರೆ ಇಂಚಿನ ಸ್ಲ್ಯಾಬ್ ಎಂದರೆ ಸುಮಾರು ಎರಡೂವರೆ ಟನ್ ಕಾಂಕ್ರೀಟ್. ಬೇಸಿಗೆಯ ನಡುಹಗಲಲ್ಲಿ ಅದರ ಮೇಲೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 1,000 ವ್ಯಾಟ್ ಬಿಸಿಲು ಬೀಳುತ್ತದೆ. ಒಂದೊಂದು ಚದರ ಮೀಟರಿಗೂ ಒಂದೊಂದು ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟ ಹಾಗೆ. ಮೇಲ್ಮೈ ಬೇಗ ಕಾಯುತ್ತದೆ. ಆದರೆ ಆ ಶಾಖ ಪದರದಿಂದ ಪದರಕ್ಕೆ ದಾಟಿಕೊಂಡು ಸ್ಲ್ಯಾಬಿನ ಅಡಿಯನ್ನು ಮುಟ್ಟಲು ಗಂಟೆಗಟ್ಟಲೆ ಬೇಕು. ಮಧ್ಯಾಹ್ನದ ಬಿಸಿಲು ನಿಮ್ಮ ನೆತ್ತಿಯ ಮೇಲಿನ ಗಾರೆಗೆ ಬಂದು ಸೇರುವುದು ಸಂಜೆಗೆ. ಆಮೇಲೆ ಅಷ್ಟೂ ಕಾಂಕ್ರೀಟ್ ತಣಿಯಬೇಕಲ್ಲ? ಮಧ್ಯರಾತ್ರಿ ದಾಟಿದರೂ ಆಶ್ಚರ್ಯವಿಲ್ಲ.

ಫ್ಯಾನನ್ನು ಬೈದು ಪ್ರಯೋಜನವಿಲ್ಲ. ಅದು ಗಾಳಿಯನ್ನು ತಣಿಸುವ ಯಂತ್ರವಲ್ಲ. ಸೂರಿಗೆ ತಗುಲಿ ಬಿಸಿಯಾದ ಗಾಳಿಯನ್ನೇ ಕೆಳಗೆ ತಳ್ಳುತ್ತದೆ, ನಿಮ್ಮ ಬೆವರು ಆರಿದಷ್ಟು ಹಿತವೆನಿಸುತ್ತದೆ, ಅಷ್ಟೇ. ಅಸಲು ತೊಂದರೆ ಬೇರೆ. ಫ್ಯಾನ್ ಆರಿಸಿ, ಸ್ಟೂಲ್ ಹತ್ತಿ, ಅಂಗೈಯನ್ನು ಸೂರಿನಿಂದ ಒಂದು ಗೇಣು ಕೆಳಗೆ ಹಿಡಿಯಿರಿ. ನಡುವೆ ಒಂದು ರಟ್ಟು ತೂರಿಸಿ. ಬಿಸಿ ತಟ್ಟನೆ ಕಡಿಮೆಯಾಗುತ್ತದೆ. ಆ ಒಂದು ಕ್ಷಣದಲ್ಲಿ ಗಾಳಿ ತಣ್ಣಗಾಗಲಿಲ್ಲ; ಸ್ಲ್ಯಾಬಿನಿಂದ ನೇರವಾಗಿ ಹೊಮ್ಮುತ್ತಿದ್ದ ಅವಕೆಂಪು ಕಿರಣಗಳಿಗೆ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳಿಗೆ, ರಟ್ಟು ಅಡ್ಡ ಬಂತು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಕೆಂಪಿನಾಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಪಾದರಸ ಏರಿತು. ಅವನು ಕಂಡುಹಿಡಿದದ್ದು ಇವೇ ಕಿರಣಗಳನ್ನು.

ನಿಮ್ಮ ಹಳೆಯ ಮಾಳಿಗೆಯಲ್ಲಿ ದಪ್ಪ ಮಣ್ಣಿತ್ತು. ಬಿಸಿಲು ಅದನ್ನು ದಾಟಿ ಒಳಗಿಳಿಯುವ ಹೊತ್ತಿಗೆ ಹಿರಿಯರು ಚಾಪೆ ಸುತ್ತಿಕೊಂಡು ಮಾಳಿಗೆ ಹತ್ತಿರುತ್ತಿದ್ದರು. ಮೋಡವಿಲ್ಲದ, ಒಣಹವೆಯ ರಾತ್ರಿ ನೆಲವೂ ಮೈಯೂ ತಮ್ಮ ಶಾಖವನ್ನು ಆಕಾಶಕ್ಕೆ ಸಲೀಸಾಗಿ ಚೆಲ್ಲುತ್ತವೆ. ಎಷ್ಟರ ಮಟ್ಟಿಗೆ ಎಂದರೆ, ಅಲಹಾಬಾದಿನ ಕಡೆ ಚಳಿಗಾಲದಲ್ಲಿ ಜನ ಹೀಗೆಯೇ ಮಂಜುಗಡ್ಡೆ ಮಾಡುತ್ತಿದ್ದರು. ಅಗಲವಾದ ಗುಂಡಿ ತೋಡಿ, ಒಣಗಿದ ಕಬ್ಬು, ಜೋಳದ ದಂಟು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರು ಇಡುತ್ತಿದ್ದರು. ಕೆಳಗಿನಿಂದ ನೆಲದ ಬಿಸಿ ಬರದಂತೆ ದಂಟು ತಡೆಯುತ್ತಿತ್ತು, ಮೇಲೆ ಆಕಾಶ ತೆರೆದಿತ್ತು, ಸುತ್ತಲಿನ ಗಾಳಿ ಸೊನ್ನೆಗೆ ಇಳಿಯದಿದ್ದರೂ ಬೆಳಗಿನ ಜಾವಕ್ಕೆ ನೀರು ಹೆಪ್ಪುಗಟ್ಟುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಇದನ್ನೆಲ್ಲ ಕಂಡು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಬರೆದ.

ಈಗ ಮಾಡಬೇಕಾದದ್ದು: ತಾರಸಿಗೆ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಹೀರಿದ ಅಷ್ಟಿಷ್ಟನ್ನೂ ಅವಕೆಂಪು ಕಿರಣವಾಗಿ ಆಕಾಶಕ್ಕೆ ಬಿಡುತ್ತದೆ. ಹೊಳೆಯುವ ಜಿಂಕ್ ಶೀಟಿಗೆ ಈ ಎರಡನೆಯ ಗುಣ ಕಡಿಮೆ. ಅದಕ್ಕೇ ಮಧ್ಯಾಹ್ನ ಅದನ್ನು ಮುಟ್ಟಲಾಗದು. ಸುಣ್ಣಕ್ಕಿಂತ ಮಿಗಿಲಾದದ್ದು ನೆರಳು. ಸ್ಲ್ಯಾಬಿನಿಂದ ಗಾಳಿಯಾಡುವಷ್ಟು ಎತ್ತರದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿಸಿದರೆ ಬಿಸಿಲು ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಗ್ರಾನೈಟ್ ನೆಲ ಕೊರೆಯುತ್ತದೆ, ಪಕ್ಕದಲ್ಲಿರುವ ಮರದ ಮಣೆ ಕೊರೆಯುವುದಿಲ್ಲ. ಗ್ರಾನೈಟ್ ತಂಪು ಕಲ್ಲೇ? (ಗೃಹಿಣಿ, ತುಮಕೂರು)

ಉತ್ತರ: ಎರಡರ ಉಷ್ಣತೆಯೂ ಒಂದೇ. ಥರ್ಮಾಮೀಟರ್ ಇಟ್ಟು ನೋಡಿ. ಗ್ರಾನೈಟ್ ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಹಾಯಿಸುತ್ತದೆ, ಹಾಗಾಗಿ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ನಮ್ಮ ಚರ್ಮ ಅಳೆಯುವುದು ನೆಲದ ಉಷ್ಣತೆಯನ್ನಲ್ಲ, ತಾನು ಕಳೆದುಕೊಳ್ಳುತ್ತಿರುವ ಶಾಖವನ್ನು.

ಪ್ರಶ್ನೆ: ಪೇಟೆಯಿಂದ ತಂದ ಐಸ್‌ಕ್ರೀಮ್ ಡಬ್ಬಿಯನ್ನು ಅಪ್ಪ ಕಂಬಳಿಯಲ್ಲಿ ಸುತ್ತಿದರು. ಕಂಬಳಿ ಬೆಚ್ಚಗೆ ಮಾಡುವುದಿಲ್ಲವೇ? ಬೇಗ ಕರಗಬೇಕಿತ್ತಲ್ಲ? (ಎಂಟನೆಯ ತರಗತಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ಪುಟ್ಟೀ, ನಿನ್ನಪ್ಪ ಮಾಡಿದ್ದೇ ಸರಿ. ಕಂಬಳಿಯೊಳಗೆ ಒಲೆ ಇಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಆಚೀಚೆ ಬಿಡುವುದಿಲ್ಲ. ಒಳಗೆ ನೀನಿದ್ದರೆ ನಿನ್ನ ಬಿಸಿ ಹೊರಗೆ ಹೋಗದು; ಐಸ್‌ಕ್ರೀಮ್ ಇದ್ದರೆ ಹೊರಗಿನ ಬಿಸಿ ಒಳಗೆ ಬಾರದು. ಮರದ ಹೊಟ್ಟೂ ಇದೇ ಕೆಲಸ ಮಾಡುತ್ತದೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ 180 ಟನ್ ಮಂಜುಗಡ್ಡೆ ಕಳಿಸಿದ. ನಾಲ್ಕು ತಿಂಗಳ ಪಯಣ, ನಡುವೆ ಎರಡು ಸಲ ಸಮಭಾಜಕ ವೃತ್ತ ದಾಟಬೇಕು. ಆದರೂ ಸುಮಾರು 100 ಟನ್ ಗಟ್ಟಿಯಾಗಿಯೇ ತಲುಪಿತು. ಚೆನ್ನೈನ ಕಡಲತೀರದಲ್ಲಿ ಅವನ ಐಸ್ ಹೌಸ್ ಕಟ್ಟಡ ಇಂದಿಗೂ ಇದೆ. ಮುಂದೆ ಸ್ವಾಮಿ ವಿವೇಕಾನಂದರು ತಂಗಿದ್ದದ್ದು ಅಲ್ಲಿಯೇ. ಹಾಂ, ಕಂಬಳಿಗೆ ಐಸ್‌ಕ್ರೀಮ್ ಸೋರಿದರೆ ಅಮ್ಮನಿಗೆ ಉತ್ತರ ಹೇಳುವ ಹೊಣೆ ನನ್ನದಲ್ಲ.

ಪ್ರಶ್ನೆ: ಕಲಬುರಗಿಯಿಂದ ಮಂಗಳೂರಿಗೆ ವರ್ಗವಾಗಿ ಬಂದೆ. ಅಲ್ಲಿ ಮಡಕೆಯ ನೀರು ಕೊರೆಯುತ್ತಿತ್ತು, ಇಲ್ಲಿ ಹೆಸರಿಗಷ್ಟೇ ತಂಪು. ಇಲ್ಲಿನ ಮಣ್ಣು ಸರಿಯಿಲ್ಲವೇ? (ಬ್ಯಾಂಕ್ ನೌಕರರು, ಮಂಗಳೂರು)

ಉತ್ತರ: ಮಣ್ಣಿನ ಮೇಲೆ ತಪ್ಪು ಹೊರಿಸಬೇಡಿ, ಕಡಲಿನ ಮೇಲೆ ಹೊರಿಸಿ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ಅದೇನು ಸಣ್ಣ ಪ್ರಮಾಣವಲ್ಲ: ಒಂದು ಲೀಟರ್ ನೀರು ಆವಿಯಾಗುವಾಗ ಒಯ್ಯುವ ಶಾಖ, ಅಷ್ಟೇ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖದ ಸುಮಾರು ಎಂಟು ಪಟ್ಟು. ಆದರೆ ಸುತ್ತಲಿನ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಆವಿಯಾಗಲು ಎಡೆಯೆಲ್ಲಿ? ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲಿದ್ದು ತೇವಾಂಶ ಶೇ. 20 ಇದ್ದರೆ ಮಡಕೆಯ ನೀರು 22 ಡಿಗ್ರಿಯ ಆಸುಪಾಸಿಗೆ ಇಳಿಯಬಲ್ಲದು. ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ ಶೇ. 70 ಎಂದುಕೊಳ್ಳಿ, 28ರ ಕೆಳಗೆ ಇಳಿಯದು. ಹೆಚ್ಚು ಬಿಸಿಯಾದ ಊರಿನಲ್ಲೇ ಹೆಚ್ಚು ತಂಪು ನೀರು!

ಮಡಕೆಯನ್ನು ಕಿಟಕಿಯ ಗಾಳಿಗೆ ಇಟ್ಟರೆ ತಂಪಿನ ಆ ಮಿತಿಯನ್ನಾದರೂ ಬೇಗ ಮುಟ್ಟುತ್ತದೆ. ಎಣ್ಣೆಬಣ್ಣ ಬಳಿದು ಹೂಬಳ್ಳಿ ಬಿಡಿಸಿದ ಮಡಕೆಯನ್ನು ಮಾತ್ರ ನೀರಿಗೆಂದು ಕೊಳ್ಳಬೇಡಿ, ಅದರ ರಂಧ್ರಗಳೆಲ್ಲ ಮುಚ್ಚಿಹೋಗಿರುತ್ತವೆ. ಈಗಾಗಲೇ ಕೊಂಡಿದ್ದರೆ ಅಕ್ಕಿ ತುಂಬಿಡಿ.